ಹುಲಗೇಶ ಮಾಡಿದ ಕಟ್ಟಿಗೆಯ ಬಂದೂಕು

ಹೈದರಾಬಾದಿನ ಬಾಲಾನಗರದಲ್ಲಿ ಲೇಥ್ ಮಷೀನುಗಳು ದಿನವಿಡೀ ಕಿರುಗುಡುವ ಒಂದು ಗಲ್ಲಿ ಇದೆ. ಅದರ ಕೊನೆಗೆ ಹುಲಗೇಶನ ತಗಡಿನ ಶೆಡ್ಡು. ಮೊದಲ ಸಲ ಒಳಗೆ ಕಾಲಿಟ್ಟವರು ಒಂದು ಹೆಜ್ಜೆ ಹಿಂದೆ ಸರಿಯುವುದು ಖಾತ್ರಿ. ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುಹಾಕಿದ ಎಕೆ-47 ಬಂದೂಕುಗಳು, ಮೂಲೆಯಲ್ಲಿ ಮೂರು ಕಾಲಿನ ಮಷೀನ್‌ಗನ್ನು, ಗೋಣಿಚೀಲದ ಮೇಲೆ ಹರವಿದ ಪಿಸ್ತೂಲುಗಳು. ಯಾವ ದಂಡು ಬಂದು ಇಲ್ಲಿ ಬೀಡುಬಿಟ್ಟಿದೆಯಪ್ಪಾ ಎಂದು ಗಾಬರಿಯಾಗಬೇಕು. ದಂಡೂ ಇಲ್ಲ, ಮಣ್ಣೂ ಇಲ್ಲ. ಎಲ್ಲವೂ ಬರೀ ಕಟ್ಟಿಗೆ. ಸಿನಿಮಾದಲ್ಲಿ ಹೀರೋಗಳು ಎರಡೂ ಕೈಯಲ್ಲಿ ಹಿಡಿದು ನೂರಾರು ಜನರನ್ನು ಮಲಗಿಸುತ್ತಾರಲ್ಲ, ಆ ಬಂದೂಕುಗಳಲ್ಲಿ ಎಷ್ಟೋ ಇವನ ಉಳಿ ಬಾಚಿಗಳಿಂದ ಹುಟ್ಟಿದವು. ಢಂ ಢಂ ಸದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಆ ಬಾಬತ್ತು ಇವನದಲ್ಲ.

ಹುಲಗೇಶ ಲಿಂಗಸುಗೂರು ಕಡೆಯ ಬಡಿಗೇರ ಮನೆತನದವನು. ಅಪ್ಪ ಕುಂಟೆ, ಕೂರಿಗೆ, ಬಾಗಿಲ ಚೌಕಟ್ಟು ಮಾಡಿ ಬದುಕಿದ. ಇವನು ಹೈದರಾಬಾದಿಗೆ ಬಂದದ್ದೂ ಚೌಕಟ್ಟು ಕೂರಿಸುವುದಕ್ಕೇ. ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಕೂರಿಸಿ ಕೂರಿಸಿ ಬೇಸತ್ತಿದ್ದಾಗ ಯಾರೋ ಮೇಸ್ತ್ರಿ ಒಬ್ಬ ಸಿನಿಮಾ ಸೆಟ್ಟಿಗೆ ಕರೆದುಕೊಂಡು ಹೋದ. ಅಲ್ಲಿ ಅರಮನೆಯ ಬಾಗಿಲು ಮಾಡಿದ, ಆಮೇಲೆ ಕತ್ತಿ ಮಾಡಿದ, ಆಮೇಲೆ ಬಂದೂಕು. ಮೊದಲ ಬಂದೂಕು ನೋಡಲು ಚೆನ್ನಾಗಿತ್ತು, ಆದರೆ ಹತ್ತಿಯಷ್ಟು ಹಗುರ. ಹೀರೋ ಅದನ್ನು ಕಸಬರಿಗೆ ಹಿಡಿದ ಹಾಗೆ ಹಿಡಿದ, ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಹುಲಗೇಶನ ಮುಖ ಸಪ್ಪಗಾಯಿತು. ಅಂದಿನಿಂದ ಮರದ ಒಳಗೆ ಕಬ್ಬಿಣದ ಸಲಾಕೆ ಹುದುಗಿಸುವುದನ್ನು ಕಲಿತ. ತೂಕ ಇದ್ದರೆ ಹಿಡಿದವನ ಭುಜ ತಾನೇ ಬಾಗುತ್ತದೆ, ಭುಜ ಬಾಗಿದರೆ ನೋಡುವವನು ನಂಬುತ್ತಾನೆ. ಕಪ್ಪು ಬಣ್ಣ ಒಣಗಿದ ಮೇಲೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು ಹಳೇ ಕಾಲುಚೀಲದಿಂದ ತಿಕ್ಕುತ್ತಿದ್ದ, ಅದಕ್ಕೆ ಉಕ್ಕಿನ ಹೊಳಪು ಬರುತ್ತಿತ್ತು. ಬಂದವರು "ಅಸಲೀನಾ?" ಎಂದು ಮೆಲ್ಲಗೆ ಕೇಳಿದರೆ ಅವತ್ತು ಅವನಿಗೆ ಎರಡು ರೊಟ್ಟಿ ಹೆಚ್ಚು ಹೋಗುತ್ತಿದ್ದವು.

ರೊಟ್ಟಿಯ ಮಾತು ಬಂತು, ಗುರುದೇವಿಯ ಮಾತೂ ಬರಬೇಕು. ಅವನ ಹೆಂಡತಿ. ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿ ಇರುವ ನಮ್ಮ ಕಡೆಯ ಹುಡುಗರಿಗೆಲ್ಲ ಇವಳು ಬಡಿದ ಜೋಳದ ರೊಟ್ಟಿಯೇ ಹೋಗುವುದು. ಅವಳ ಕೈಯೂ ಜೋರು, ಬಾಯಿಯೂ ಜೋರು. ತಾಯಿ ಸತ್ತಾಗ ತಮ್ಮ ಸಾಯಿಕುಮಾರ ಇನ್ನೂ ಚಡ್ಡಿ ಹಾಕುತ್ತಿದ್ದ. ಅವನನ್ನು ಕಂಕುಳಲ್ಲಿ ಇಟ್ಟುಕೊಂಡೇ ಗಂಡನ ಮನೆಗೆ ಬಂದವಳು ಗುರುದೇವಿ. ಆ ಹುಡುಗ ಈಗ ಮೀಸೆ ಹೊತ್ತ ಗಂಡಸಾಗಿದ್ದ. ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಒಮ್ಮೆ ಮೇಲಿನಿಂದ ಜಾರಿ ಹಗ್ಗಕ್ಕೆ ಜೋತು ಬಿದ್ದು ಬದುಕಿ ಬಂದ ಮೇಲೆ ಏಣಿ ಕಂಡರೂ ಅವನಿಗೆ ಕಾಲು ನಡುಗುತ್ತಿತ್ತು. ಆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ.

ಮನೆಯಲ್ಲಿ ಮಾತ್ರ ಅವನ ತೆಲುಗಿನದೇ ತಮಾಷೆ. ಇಷ್ಟು ವರ್ಷ ಇದ್ದರೂ ಅವನು ಆ ಭಾಷೆಯನ್ನು ಕಲಿತದ್ದು ಒಂದೇ ರೀತಿ: ಕನ್ನಡದ ಮಾತಿಗೆ ಹಿಂದೆ ಒಂದು "ಸ್ತಾ" ಅಂಟಿಸುವುದು. ಬರ್ತೀನಿಗೆ ಬರಸ್ತಾ, ಕೊಡ್ತೀನಿಗೆ ಕೊಡಸ್ತಾ. "ಅಕ್ಕಾ, ಉಣ್ಣಸ್ತಾ!" ಎಂದು ತಾನೇ ಅಣಕಿಸಿಕೊಂಡು ತಟ್ಟೆ ಹಿಡಿಯುತ್ತಿದ್ದ. ಗುರುದೇವಿ ಲಟ್ಟಣಿಗೆ ತೋರಿಸಿ, "ಹೊಡೆಸ್ತಾ ನೋಡ್ ಮಗನ" ಎನ್ನುತ್ತಿದ್ದಳು.

ಅವರ ಬದುಕಿನಲ್ಲಿ ಶಾಂತಕುಮಾರ ಎನ್ನುವವನು ಬಂದದ್ದು ರೊಟ್ಟಿಯ ದಾರಿಯಿಂದಲೇ. ಬೀದರ್ ಕಡೆಯವನು, ಗುರುದೇವಿಯ ರೊಟ್ಟಿಯ ಗಿರಾಕಿ. ಅಮೀರ್‌ಪೇಟೆಯಲ್ಲಿ ಜೆರಾಕ್ಸ್ ಅಂಗಡಿಯಿಂದ ಶುರುಮಾಡಿ ಈಗ ಪ್ಲಾಟುಗಳ ವ್ಯಾಪಾರಕ್ಕೆ ಇಳಿದಿದ್ದ. ನಮ್ಮವರು ನಮ್ಮವರು ಎನ್ನುತ್ತಲೇ ಮಾತು ಶುರುಮಾಡುವ ಆಸಾಮಿ. ಒಂದು ಮಧ್ಯಾಹ್ನ ಶೆಡ್ಡಿಗೇ ಬಂದ. ಗುರುದೇವಿ ಗಂಡನಿಗೆ ಬುತ್ತಿ ತಂದಿದ್ದಳು, ಸಾಯಿಕುಮಾರನೂ ಅಲ್ಲೇ ಇದ್ದ. ಶಾಂತಕುಮಾರ ಗೋಡೆಯ ಎಕೆಯೊಂದನ್ನು ಇಳಿಸಿ, ಭುಜಕ್ಕೆ ಆನಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

"ಅಮೆರಿಕಾದಾಗ ನೋಡು ಹುಲಗೇಶ, ಅಕ್ಕಿ ಬ್ಯಾಳಿ ತಂದಂಗ ಅಂಗಡಿಗೆ ಹೋಗಿ ತರ್ತಾರ. ಮಿಲಿಟರಿಯವ್ರ ಕೈಯಾಗ ಇರ್ತಾವಲ್ಲ, ಆ ನಮೂನಿವ. ನಮ್ಮ ದೇಶದಾಗ ಪಬ್ಲಿಕ್ಕಿಗೆ ಇಲ್ಲ ಅಂದ್ರ ಇಲ್ಲ. ಕಾಲು ಸವಿಸಿ ಲೈಸೆನ್ಸು ಮಾಡಿಸಿದ್ರೂ ಕೊಡೋದು ಹಂದಿ ಹೊಡಿಯೋ ಬಂದೂಕು. ಗೂಂಡಾಗಳ ಹತ್ರ ಎಲ್ಲಾ ಐತಿ, ಮರ್ಯಾದಸ್ತರ ಹತ್ರ ಏನೂ ಇಲ್ಲ. ಇದು ನ್ಯಾಯ ಏನು, ನೀನ ಹೇಳು."

ಇಂಥ ಮಾತು ಹುಲಗೇಶ ಟಿವಿಯಲ್ಲೂ ಕೇಳಿದ್ದ. ಅಮೆರಿಕಾದಲ್ಲೆಲ್ಲೋ ಒಬ್ಬ ಹುಚ್ಚ ಶಾಲೆಗೆ ನುಗ್ಗಿ ಮಕ್ಕಳನ್ನು ಕೊಂದನೆಂದು ತೋರಿಸಿ, ಬಂದೂಕು ಇರಬೇಕೋ ಬೇಡವೋ ಎಂದು ನಾಲ್ಕು ಜನ ಕೂತು ಕಿರುಚುತ್ತಿದ್ದರು. ಆ ಹುಚ್ಚನ ಕೈಯಲ್ಲಿದ್ದದ್ದು ತನ್ನ ಗೋಡೆಯ ಮೇಲಿನ ಬಂದೂಕಿನಂಥದ್ದೇ. ಅವನು ಚಾನೆಲ್ ಬದಲಿಸಿದ್ದ. ಸಿಪಾಯಿಯ ಸಾಮಾನು ಸಿಪಾಯಿಯ ಹತ್ತಿರ ಇರಲಿ ಎನ್ನುವುದಕ್ಕಿಂತ ಹೆಚ್ಚಿನ ವಿಚಾರವನ್ನು ಅವನು ಮಾಡಿದವನಲ್ಲ.

ಗುರುದೇವಿ ಸುಮ್ಮನಿರುವವಳೇ? ಬುತ್ತಿ ಬಿಚ್ಚುತ್ತಲೇ ಹೇಳಿದಳು. "ಅಣ್ಣಾರ, ನಮ್ಮ ಓಣ್ಯಾಗ ನಳದ ನೀರು ಬಿಟ್ಟಾಗ ಬಂದು ನೋಡ್ರಿ. ಮರ್ಯಾದಸ್ತರ ಹೆಣ್ಮಕ್ಕಳು ಕೊಡ ತಗೊಂಡು ತಲಿ ಒಡಕೋತಾರ. ಕೈಯಾಗ ಬರೀ ಕೊಡ ಐತಿ ಅಂತ ಹೊಲಿಗಿ ಹಾಕಿಸ್ಕೊಂಡು ಮನಿಗೆ ಬರ್ತಾರ. ಅದ ಕೈಗೆ ನೀವು ಹೇಳೋ ಬಂದೂಕು ಕೊಟ್ರ ನೀರು ಕುಡ್ಯಾಕ ಯಾರೂ ಉಳಿಯಂಗಿಲ್ಲ."

ಶಾಂತಕುಮಾರ ನಕ್ಕ. "ಯವ್ವಾ, ನಾ ಅಸಲಿ ಕೇಳಾಕ ಬಂದಿಲ್ಲ. ಕಾನೂನು ಮುರಿಯೋ ಮನಶ್ಯಾ ಅಲ್ಲ ನಾ. ಕುಷಾಯಿಗೂಡದ ಕಡೆ ನಮ್ಮ ಲೇಔಟ್ ಐತಿ, ಕಂಡಕಂಡವ್ರು ಬಂದು ನಂದು ನಂದು ಅಂತಾರ. ಎರಡು ಹುಡುಗರನ್ನ ನಿಲ್ಲಸ್ತೀನಿ, ಕೈಯಾಗ ಇಂಥವು ಎರಡು. ಕಟ್ಟಿಗೀದು. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು."

"ನೋಡಿದವ್ರಿಗೆ ಅದು ಕಟ್ಟಿಗಿ ಅಂತ ಹೆಂಗ ಗೊತ್ತಾಗಬೇಕ್ರಿ?" ಎಂದಳು ಗುರುದೇವಿ.

"ಗೊತ್ತಾಗಬಾರ್ದಲ್ಲ! ಅದಕ್ಕಂತನ ಬ್ಯಾರೇ ಯಾರ ಹತ್ರಾನೂ ಹೋಗದ ನಿನ್ನ ಗಂಡನ ಹತ್ರ ಬಂದೀನಿ. ಈ ಊರಾಗ ಇವನಂಥ ಕೈ ಇನ್ನೊಂದಿಲ್ಲ."

ಅಷ್ಟೇ ಸಾಕಾಯಿತು ನೋಡಿ. ಹೊಗಳಿಕೆ ಎನ್ನುವುದು ಕಿವಿಯಿಂದ ಒಳಗೆ ಹೋಗಿ ಬುದ್ಧಿಯನ್ನು ಹೊರಗೆ ಕಳಿಸುತ್ತದೆ. ಹುಲಗೇಶನಿಗೆ ಒಂದು ಕಟ್ಟುಪಾಡಿತ್ತು. ಬಂದೂಕು ಸಿನಿಮಾ ಕಂಪನಿಯ ಮ್ಯಾನೇಜರನ ಜೊತೆ ಸೆಟ್ಟಿಗೆ ಹೋಗಬೇಕು, ಅವನ ಜೊತೆಗೇ ವಾಪಸು ಬರಬೇಕು. ಮದುವೆ ಮೆರವಣಿಗೆಗೆ ಕೇಳಿದವರನ್ನೂ ಗಣಪತಿ ಪೆಂಡಾಲಿಗೆ ಕೇಳಿದವರನ್ನೂ ಅವನು ಬಾಗಿಲಿನಿಂದಲೇ ಕಳಿಸಿದ್ದ. ಇವತ್ತು ಆ ಕಟ್ಟುಪಾಡು ಗಂಟಲಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಶಾಂತಕುಮಾರ ಸಾಯಿಕುಮಾರನ ಹೆಗಲ ಮೇಲೆ ಕೈ ಹಾಕಿ, "ನಿಲ್ಲೋ ಹುಡುಗರೊಳಗ ಒಬ್ಬ ಇವನ. ನಮ್ಮ ಹುಡುಗ. ಏಣಿ ಹತ್ತೋದಿಲ್ಲ, ಇಳಿಯೋದಿಲ್ಲ, ನೆಲದ ಮ್ಯಾಲೆ ನಿಂತ್ರ ಆತು" ಎಂದ.

ಸಾಯಿಕುಮಾರನ ಕಣ್ಣು ಅರಳಿದವು. "ಮಾಮಾ, ಒಲ್ಲೆ ಅನಬ್ಯಾಡ."

"ಬ್ಯಾಡ ರೀ," ಎಂದಳು ಗುರುದೇವಿ. "ಕೆಲಸ ಬೇಕಾದ್ರ ಕೋಲು ಹಿಡ್ಕೊಂಡು ನಿಲ್ಲಲಿ. ಆ ಸಾಮಾನು ಬ್ಯಾಡ."

"ಏ, ಕಟ್ಟಿಗಿ ಐತಿ ಅಂದ್ರ ತಿಳಿಯಂಗಿಲ್ಲೇನು ನಿನಗ?" ಎಂದು ಹುಲಗೇಶ ಗದರಿದ. ಬೀದಿಯಲ್ಲಿ ಹೋಗುವ ಮಾರಿಯನ್ನು ಕೈಹಿಡಿದು ಮನೆಗೆ ಕರೆಯುವುದು ಎಂದರೆ ಇದೇ. ಎರಡು ಬಂದೂಕು ಮಾಡಿಕೊಟ್ಟ. ಅದೂ ಎಂಥವು! ಸಿನಿಮಾಕ್ಕೆ ಮಾಡುವಾಗ ದೂರದಿಂದ ಚೆನ್ನಾಗಿ ಕಂಡರೆ ನಡೆಯುತ್ತಿತ್ತು. ಇವುಗಳನ್ನು ಹತ್ತಿರದಿಂದ ನೋಡುತ್ತಾರೆ ಎಂದು ನಳಿಗೆಯ ಬಾಯಿಗೆ ಲೇಥಿನವನಿಂದ ಕಬ್ಬಿಣದ ಕೊಳವೆ ಮಾಡಿಸಿ ಕೂರಿಸಿದ. ಹಿಡಿಯುವ ಜಾಗದಲ್ಲಿ ಬಣ್ಣ ಸವೆದ ಹಾಗೆ ಮರಳು ಕಾಗದ ಆಡಿಸಿದ, ಬಹಳ ಕೈ ಕಂಡ ಬಂದೂಕು ಎನ್ನಿಸಲಿ ಎಂದು.

ಕಪ್ಪು ಸಫಾರಿ ತೊಟ್ಟು, ಬೆಲ್ಟಿನಿಂದ ಕೊರಳಿಗೆ ತೂಗಿಸಿದ ಬಂದೂಕನ್ನು ಎದೆಗೆ ಅಡ್ಡ ಹಿಡಿದು ನಿಂತ ಫೋಟೋವನ್ನು ಸಾಯಿಕುಮಾರ ಅಕ್ಕನ ಫೋನಿಗೆ ಕಳಿಸಿದ. ಗುರುದೇವಿ ನೋಡಿ ಪಕ್ಕಕ್ಕಿಟ್ಟಳು. ಅವನಿಗೋ ಹಿಗ್ಗು. ಚಹಾದ ಅಂಗಡಿಯಲ್ಲಿ ಜನ ಸರಿದು ಜಾಗ ಕೊಡುತ್ತಾರಂತೆ. ನಿನ್ನೆ ಮೊನ್ನೆಯವರೆಗೆ "ಏ ಲೇಬರ್" ಎನ್ನುತ್ತಿದ್ದ ಸೂಪರ್‌ವೈಸರು "ಅನ್ನಾ" ಎಂದು ಕರೆದನಂತೆ. "ಕಟ್ಟಿಗಿಗೇ ಇಷ್ಟು ಮರ್ಯಾದಿ ಮಾಮಾ, ಅಸಲಿ ಇದ್ದಿದ್ರ ದೇವರ ಆಗಿಬಿಡ್ತಿದ್ದೆ" ಎಂದು ನಕ್ಕ. ಹುಲಗೇಶನೂ ನಕ್ಕ.

ಆ ಲೇಔಟಿನಲ್ಲಿ ಯಾದಗಿರಿ ಎನ್ನುವ ಒಬ್ಬ ಮುದುಕನ ಪ್ಲಾಟು ಇತ್ತು. ಅವನು ತೆಲಂಗಾಣದವನೇ, ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ನೌಕರಿಯಲ್ಲಿದ್ದಾಗಲೇ ಕೊಂಡ ಜಾಗ, ಅದರಲ್ಲಿ ಒಂದು ತೆಂಗಿನ ಸಸಿ. ಪ್ರತಿದಿನ ಬೆಳಿಗ್ಗೆ ಮೊಪೆಡ್ಡಿನ ಮೇಲೆ ಕ್ಯಾನಿನಲ್ಲಿ ನೀರು ತಂದು ಹಾಕಿ ಹೋಗುವನು. ಅದೇ ಜಾಗಕ್ಕೆ ತನ್ನ ಹತ್ತಿರವೂ ಪತ್ರ ಇದೆ ಎಂದು ಶಾಂತಕುಮಾರನ ವಾದ. ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತದೆ, ಹೆದರಿಸಿದರೆ ವಾರಕ್ಕೆ ಮುಗಿಯುತ್ತದೆ ಎಂದು ಅವನ ಲೆಕ್ಕ. ಒಂದು ದಿನ ಮುದುಕನನ್ನು ಇಬ್ಬರೂ ಹುಡುಗರು ಬಂದೂಕು ತೋರಿಸಿ ನೀರಿನ ಕ್ಯಾನಿನ ಸಮೇತ ವಾಪಸು ಕಳಿಸಿದರು.

ಮರುದಿನ ಬೆಳಿಗ್ಗೆ ಹುಲಗೇಶ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ. ಫೋನು ಬಂತು. ಸಾಯಿಕುಮಾರನಿಗೆ ಗುಂಡು ಬಿದ್ದಿದೆ.

ಗಂಡ ಹೆಂಡತಿ ಆಟೋದಲ್ಲಿ ಸರ್ಕಾರಿ ದವಾಖಾನೆ ಮುಟ್ಟುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೀವಕ್ಕೆ ಅಪಾಯವಿರಲಿಲ್ಲ. ಸೀಸದ ಛರ್ರಾಗಳು ಬಲತೊಡೆಗೂ ಮೊಣಕಾಲಿಗೂ ಹೊಕ್ಕಿದ್ದವು. ಕೆಲವನ್ನು ತೆಗೆದಿದ್ದರು, ಕೆಲವನ್ನು ತೆಗೆಯಲು ಬರುವುದಿಲ್ಲ ಎಂದರು. ಮೊಣಕಾಲು ಇನ್ನು ಮೊದಲಿನಂತೆ ಮಡಚುವುದಿಲ್ಲ ಎಂದೂ ಹೇಳಿದರು. ಸಾಯಿಕುಮಾರ ಬೆಳ್ಳಗಾಗಿ ಮಲಗಿದ್ದ. ಅಕ್ಕನನ್ನು ಕಂಡಾಗ ಮಾತು ಬಂತು.

"ಮುದುಕ ಗಾಡಿ ಮ್ಯಾಲೆ ಬಂದ ಅಕ್ಕಾ. ಹಾಸಿಗಿ ಚಾದರದಾಗ ಏನೋ ಸುತ್ತಿದ್ದ. ಬಿಚ್ಚಿದ್ರ ಬಂದೂಕು. ಅಸಲಿ. ಅವರಪ್ಪ ಬೆಳಿ ಕಾಯಾಕ ಇಟ್ಕೊಂಡಿದ್ದ ಲೈಸೆನ್ಸಿಂದಂತ. ನನ್ನ ಜೋಡಿ ಇದ್ದವ ಓಡಿಹೋದ. ನನಗ ಕಾಲ ಏಳಲಿಲ್ಲ."

"ನೀ ಅದನ್ನ ಕೆಳಗ ಒಗದು ಕೈ ಮುಗೀಬೇಕಿಲ್ಲೋ!" ಎಂದಳು ಗುರುದೇವಿ.

"ಅದರ ಬೆಲ್ಟು ಕೊಳ್ಳಾಗ ಇತ್ತಲ್ಲ ಅಕ್ಕಾ, ಹೆಂಗ ಒಗೀಲಿ? ನನ್ನ ಕೈಯಾಗಿಂದು ಕಟ್ಟಿಗಿ ಅಂತ ನನಗ ಗೊತ್ತಿತ್ತು. ಅದಕ್ಕ ಭಾಳ ಅಂಜಿಕಿ ಆತು. ಕಾಲಿಗೆ ಬೀಳ್ತೀನಿ ಸಾರ್, ಹೋಗಿಬಿಡ್ರಿ ಅಂತ ಅಂದೆ."

"ಹೆಂಗಂದಿ?" ಎಂದು ಕೇಳಿದ ಹುಲಗೇಶ.

"ಕಾಲ್ ಬೀಳಸ್ತಾ ಸಾರ್, ಪೋಂಡಿ ಅಂದೆ."

ಹುಲಗೇಶ ಮಂಚದ ಕಂಬಿ ಹಿಡಿದುಕೊಂಡ. ತೆಲುಗಿನವನ ಕಿವಿಯಲ್ಲಿ ಅದು ಹೇಗೆ ಬಿದ್ದಿರಬೇಕು ಎಂದು ಅವನಿಗೆ ಹೊಳೆದುಬಿಟ್ಟಿತು. ಸುಟ್ಟುಬಿಡ್ತೀನಿ, ಗುಂಡು ಹಾರಿಸ್ತೀನಿ ಎನ್ನುವುದಕ್ಕೆ ಅವರು "ಕಾಲ್ಚೇಸ್ತಾ" ಎನ್ನುತ್ತಾರೆ. ಎದೆಯ ಮೇಲೆ ಎಕೆ ಬಂದೂಕು, ಬಾಯಿಯಲ್ಲಿ "ಕಾಲ್... ಸ್ತಾ". ಹುಡುಗ ಕಾಲಿಗೆ ಬೀಳುತ್ತೇನೆ ಎಂದ, ಮುದುಕ ಕೊಲ್ಲುತ್ತೇನೆ ಎಂದು ಕೇಳಿಸಿಕೊಂಡ. ಹುಡುಗ ಕೊಲ್ಲುವುದಕ್ಕೆ ಮುಂಚೆ ತಾನೇ ಬಂದೂಕಿನ ಕುದುರೆ ಎಳೆದುಬಿಟ್ಟ. ಗುರುದೇವಿಗೂ ಅರ್ಥವಾಯಿತು. ಅವಳು ಮೊದಲು ನಕ್ಕಳು, ನಿಜಕ್ಕೂ ನಕ್ಕಳು, ಆಮೇಲೆ ತಮ್ಮನ ಹಾಸಿಗೆಗೆ ತಲೆಯಿಟ್ಟು ಅತ್ತಳು. ಹುಲಗೇಶನಿಗೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಸಂಜೆಗೆ ಶಾಂತಕುಮಾರ ಹಣ್ಣಿನ ಚೀಲ ಹಿಡಿದು ಬಂದ. ಹುಲಗೇಶನನ್ನು ವರಾಂಡಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ. ಮುದುಕನ ಕಡೆಯ ವಕೀಲ, ಆತ್ಮರಕ್ಷಣೆಗೆ ಹೊಡೆದ ಎನ್ನುತ್ತಿದ್ದಾನೆ. ಎದುರಿಗೆ ಮಿಲಿಟರಿ ಬಂದೂಕು ಹಿಡಿದವನು ನಿಂತು ಸುಡ್ತೀನಿ ಅಂದರೆ ಯಾರಾದರೂ ಏನು ಮಾಡ್ತಾರೆ ಎಂದು ಅವನ ವಾದ. ಪೊಲೀಸರು ಅದನ್ನು ಒಪ್ಪಿದರೆ ಮುದುಕ ಪಾರು. ಬೆದರಿಕೆ ಹಾಕಿದ ಕೇಸು ಸಾಯಿಕುಮಾರನ ಮೇಲೆ. ದವಾಖಾನೆಯಿಂದ ನೇರ ಜೈಲಿಗೆ, ಆ ಕಾಲು ಎಳೆದುಕೊಂಡು.

"ನಾಳೆ ನಿನ್ನ ಸ್ಟೇಷನ್ನಿಗೆ ಕರೀತಾರ. ಅದು ಆಟದ ಸಾಮಾನು, ನೋಡಿದ್ರ ಯಾರಿಗೆ ಬೇಕಾದ್ರೂ ಗೊತ್ತಾಗ್ತೈತಿ ಅಂತ ಹೇಳು. ಮುಗೀತು. ಆವಾಗ ಬರಿಗೈ ಹುಡುಗನ ಮ್ಯಾಲೆ ಗುಂಡು ಹಾರಿಸಿದಂಗ ಆಗ್ತೈತಿ. ಮುದುಕ ಒಳಗ, ನಮ್ಮ ಹುಡುಗ ಹೊರಗ."

"ಪ್ಲಾಟೂ ನಿಮಗ," ಎಂದ ಹುಲಗೇಶ.

"ಛೇ, ಈ ಹೊತ್ತಿನ್ಯಾಗ ಪ್ಲಾಟಿನ ಮಾತು ಯಾಕೋ ಮಾರಾಯಾ?" ಎಂದ ಶಾಂತಕುಮಾರ, ಮತ್ತು ಗಡಿಯಾರ ನೋಡಿಕೊಂಡ. ಕಂತ್ರಿ. ಅವನ ಹಣ್ಣುಗಳನ್ನು ಗುರುದೇವಿ ಪಕ್ಕದ ಮಂಚದವರಿಗೆ ಹಂಚಿಬಿಟ್ಟಳು.

ಆದರೆ ಗಂಡನ ಬಾಯಿಂದ ಕೇಳಿದ ಅವನ ಮಾತನ್ನು ಅವಳು ಹಂಚಲಿಲ್ಲ, ಇಟ್ಟುಕೊಂಡಳು. ಬೆಳಿಗ್ಗೆ ಗಂಡನ ಎದುರು ನಿಂತು ಹೇಳಿದಳು. "ಅವತ್ತು ನಾ ಬ್ಯಾಡ ಅಂದೆ. ನೀವು ಕೊಟ್ರಿ. ನಾ ಒಂದ ಮಾತು ಅಂದಿಲ್ಲ, ಅನ್ನಂಗೂ ಇಲ್ಲ. ಇವತ್ತು ನೀವು ಅದು ಆಟಗಿ, ಕೂಸಿಗೂ ಗೊತ್ತಾಗ್ತೈತಿ ಅಂತ ಹೇಳಬೇಕು. ಅವನ್ನ ನಾ ಹಡದಿಲ್ಲ, ಆದ್ರ ಅವ ನನ್ನ ಮಗನ."

"ಮುದುಕಂದು?"

"ಮುದುಕನ ಚಿಂತಿ ಅವನ ಮನಿಯವ್ರು ಮಾಡ್ತಾರ."

ಅದರಲ್ಲಿ ತಪ್ಪೇನು ಹೇಳುತ್ತೀರಿ? ಹುಲಗೇಶನಿಗೂ ತಪ್ಪು ಕಾಣಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ತನ್ನ ಕೆಲಸವನ್ನು ತಾನೇ ಬೈಯುವುದನ್ನು ರೂಢಿ ಮಾಡಿಕೊಂಡ. ಬಣ್ಣ ಸರಿ ಕೂತಿಲ್ಲ ಅನ್ನಬೇಕು. ಹಿಡಿ ಸೊಟ್ಟ ಅನ್ನಬೇಕು. ಅವಸರಕ್ಕೆ ಮಾಡಿದ್ದು, ಜಾತ್ರೆಯ ಆಟಿಗೆಗಿಂತ ಕಡೆ ಅನ್ನಬೇಕು. ಇಷ್ಟು ವರ್ಷ ಯಾರಾದರೂ ಹಾಗೆ ಅಂದಿದ್ದರೆ ಉಳಿ ಎತ್ತಿಕೊಂಡು ಹೋಗುತ್ತಿದ್ದನೇನೋ. ಪಕ್ಕದಲ್ಲಿ ಗುರುದೇವಿ ಕೈಚೀಲವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರರ ಕೋಣೆಯ ಬಾಗಿಲ ಬಳಿ ಒಂದು ಬೆಂಚು. ಅದರ ತುದಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ತೆಳ್ಳನೆಯ ಮುದುಕ ಕೂತಿದ್ದ. ಅವನು ಯಾದಗಿರಿ ಎಂದು ಯಾರೂ ಹೇಳಬೇಕಾಗಲಿಲ್ಲ. ಬಂದವರು ಯಾರೆಂದು ಅವನಿಗೂ ತಿಳಿಯಿತು.

"ಆ ಪಿಲ್ಲಗಾಡು ಎಟ್ಲುನ್ನಡು?" ಹುಡುಗ ಹೇಗಿದ್ದಾನೆ ಎಂದು ಕೇಳಿದ.

ಗುರುದೇವಿ ಮುಖ ತಿರುಗಿಸಿದಳು. ಹುಲಗೇಶ, ಇದ್ದಾನೆ ಎನ್ನುವ ಹಾಗೆ ತಲೆಯಾಡಿಸಿದ.

ಮುದುಕ ಇನ್ನೂ ಒಂದು ಕೇಳಿದ. "ಅದಿ ಕಟ್ಟೆನಾ? ನಿಜಂಗ ಕಟ್ಟೆನಾ?" ಅದು ಕಟ್ಟಿಗೆಯೇ, ನಿಜವಾಗಿಯೂ ಕಟ್ಟಿಗೆಯೇ? ಪೊಲೀಸರು ಹೇಳಿದ್ದರೂ ಅವನಿಗೆ ನಂಬಿಕೆ ಬಂದಿರಲಿಲ್ಲ. ನಂಬಿದರೆ ಬರಿಗೈಯ ಹುಡುಗನಿಗೆ ಹೊಡೆದವನಾಗುತ್ತಾನೆ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಇನ್‌ಸ್ಪೆಕ್ಟರರು ಮಕ್ತಲ್ ಕಡೆಯವರು. ಗಡಿಯ ಊರು, ಕನ್ನಡ ನೀರು ಕುಡಿದಷ್ಟು ಸಲೀಸು. ಮೇಜಿನ ಮೇಲೆ ಬಂದೂಕು ಇತ್ತು, ಹಿಡಿಗೆ ಒಂದು ಚೀಟಿ ಕಟ್ಟಿದ್ದರು. ಗುರುದೇವಿ ಬಾಗಿಲಲ್ಲೇ ನಿಂತಳು. ಅವಳ ಹಿಂದೆ ಮುದುಕನೂ ಎದ್ದು ಬಂದು ನಿಂತಿದ್ದ, ಯಾರೂ ಕೂರು ಎನ್ನಲಿಲ್ಲ.

"ಇದು ನೀನ ಮಾಡಿದ್ದ?"

"ಹೌದ್ರಿ ಸಾಹೇಬ್ರ."

"ಇದನ್ನ ನೋಡಿದವ್ರಿಗೆ ಕಟ್ಟಿಗಿ ಅಂತ ಗೊತ್ತಾಗ್ತೈತೇನು? ವಿಚಾರ ಮಾಡಿ ಹೇಳು. ನಿನ್ನ ಮಾತಿನ ಮ್ಯಾಲೆ ಇಬ್ಬರ ಹಣೇಬರಹ ಐತಿ."

ಹುಲಗೇಶ ಹೆಂಡತಿಯ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. "ಗೊತ್ತಾಗ್ತೈತ್ರಿ. ಸಣ್ಣ ಕೂಸಿಗೂ ಗೊತ್ತಾಗ್ತೈತಿ. ಅವಸರದಾಗ ಮಾಡಿದ್ದು ಸಾಹೇಬ್ರ, ಬಣ್ಣ ಕೂತಿಲ್ಲ, ಹಿಡಿ ಸೊಟ್ಟ ಐತಿ. ಇದನ್ನ ನೋಡಿ ಯಾರೂ ಅಂಜಂಗಿಲ್ರಿ. ಆಟಗಿ ಸಾಮಾನು."

"ಅಂಜಂಗಿಲ್ಲ?"

"ಇಲ್ರಿ."

ಇನ್‌ಸ್ಪೆಕ್ಟರರು ಬರೆದುಕೊಂಡರು. ಬರೆದು ಪೆನ್ನು ಮುಚ್ಚಿ, ಎದ್ದು, ಬಂದೂಕನ್ನು ಕಪಾಟಿಗೆ ಇಡುವವರಂತೆ ಎತ್ತಿಕೊಂಡು ಎರಡು ಹೆಜ್ಜೆ ಹೋದರು. ಹೋದವರು ಗಕ್ಕನೆ ತಿರುಗಿ ನಳಿಗೆಯನ್ನು ನೇರ ಹುಲಗೇಶನ ಎದೆಗೆ ಹಿಡಿದು, "ಏಯ್!" ಎಂದು ಗರ್ಜಿಸಿದರು.

"ಯವ್ವಾ!" ಹುಲಗೇಶನ ಎರಡೂ ಕೈ ಮೇಲಕ್ಕೆ ಹೋದವು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು. ಹಿಂದಿನ ಗೋಡೆಗೆ ಬೆನ್ನು ತಾಗಿತು. "ಬ್ಯಾಡ್ರೀ ಯಪ್ಪಾ, ಹೊಡಿಬ್ಯಾಡ್ರೀ!" ಎಂಬ ಕೂಗು ಕೇಳಿಸಿತು, ಅದು ತನ್ನದಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಬಿಟ್ಟಾಗ ಎದುರಿಗೆ ಗುರುದೇವಿಯ ಬೆನ್ನು ಇತ್ತು. ಬಾಗಿಲಿನಿಂದ ಯಾವಾಗ ಓಡಿ ಬಂದಳೋ, ಎರಡೂ ತೋಳು ಅಗಲಿಸಿ ಅವನಿಗೂ ನಳಿಗೆಗೂ ನಡುವೆ ನಿಂತಿದ್ದಳು.

ಇನ್‌ಸ್ಪೆಕ್ಟರರು ಬಂದೂಕನ್ನು ಇಳಿಸಿ ಮೇಜಿನ ಮೇಲಿಟ್ಟರು. ಅವರು ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಸುಮ್ಮನೆ ಕಾದರು. ಬಾಗಿಲಲ್ಲಿ ಯಾದಗಿರಿ ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದ.

ಗುರುದೇವಿಯ ತೋಳುಗಳು ಮೆಲ್ಲಗೆ ಕೆಳಗಿಳಿದವು. ಅವಳು ತಿರುಗಿ ಗಂಡನನ್ನು ನೋಡಿದಳು. ಅವನ ಕೈಗಳು ಇನ್ನೂ ಮೇಲೆಯೇ ಇದ್ದವು. ಅವಳೇ ಹಿಡಿದು ಇಳಿಸಿದಳು. "ಕಟ್ಟಿಗಿ ಐತ್ರಿ," ಎಂದಳು, ಮಗುವಿಗೆ ಹೇಳಿದ ಹಾಗೆ.

ಹುಲಗೇಶ ಮೇಜಿನ ಹತ್ತಿರ ಹೋದ.

"ನಾ ಹೇಳಿದ್ದು ಹೊಡದುಹಾಕ್ರಿ ಸಾಹೇಬ್ರ. ಯಾರಿಗೂ ಗೊತ್ತಾಗಂಗಿಲ್ಲ ಅಂತ ಬರ್ಕೋರಿ. ಮಾಡಿದ ನನಗೇ ಗೊತ್ತಾಗ್ಲಿಲ್ಲ. ಆ ಹಿರಿಯಾಗ ಹೆಂಗ ಗೊತ್ತಾಗಬೇಕು?" ಅವನು ಉಸಿರು ಎಳೆದುಕೊಂಡ. "ಇನ್ನೊಂದು ಐತ್ರಿ, ಅದನ್ನೂ ಬರ್ಕೋರಿ. ನಮ್ಮ ಹುಡುಗ ಸುಡ್ತೀನಿ ಅಂದಿಲ್ಲ. ಕಾಲಿಗೆ ಬೀಳ್ತೀನಿ ಅಂದಾನ. ಅವನ ಕೈಯಾಗ ಇದು ಇತ್ತಲ್ರಿ, ಅದಕ್ಕ ಹಿರಿಯಾಗ ಹಂಗ ಕೇಳಸಲಿಲ್ಲ. ಇದನ್ನ ಅವನ ಕೊಳ್ಳಾಗ ಹಾಕಿದವ ನಾನು. ಕೇಸು ಹಾಕೋದಿದ್ರ ನನ್ನ ಮ್ಯಾಲೂ ಹಾಕ್ರಿ, ಮಾಡು ಅಂತ ಹೇಳಿದ ಆ ಶಾಂತಕುಮಾರನ ಮ್ಯಾಲೂ ಹಾಕ್ರಿ."

ಇನ್‌ಸ್ಪೆಕ್ಟರರು ಬಾಗಿಲ ಕಡೆ ನೋಡಿ ಆ ಮಾತನ್ನು ತೆಲುಗಿನಲ್ಲಿ ಹೇಳಿದರು. ಹುಡುಗ ಅಂದದ್ದು ಕಾಲಿಗೆ ಬೀಳುತ್ತೇನೆ ಎಂದು. ಯಾದಗಿರಿ ಕೇಳಿದ, ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದ, ಆಮೇಲೆ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತ.

ಹೇಳಿಕೆಯ ಹೊಸ ಹಾಳೆ ಬಂತು. ಗುರುದೇವಿ ಗಂಡನ ರಟ್ಟೆಯನ್ನು ಬಿಟ್ಟಿರಲಿಲ್ಲ. ತಮ್ಮನ ಹೆಸರು ಆ ಹಾಳೆಯ ಮೇಲೆ ಬರುವುದನ್ನು ಅವಳು ನೋಡುತ್ತಿದ್ದಳು, ಕಣ್ಣೀರು ಕೆನ್ನೆಗಿಳಿಯುತ್ತಿತ್ತು. ಹುಲಗೇಶ ಸಹಿ ಹಾಕಲು ಬಾಗಿದಾಗ ಅವಳು ಅವನ ರಟ್ಟೆಯಿಂದ ಕೈ ತೆಗೆದಳು, ಅವನಿಗೆ ಬರೆಯಲು ಅನುಕೂಲವಾಗಲಿ ಎಂದು.